ಕಾಕ್ ಮುಚ್ಚು ಎಂದು ನಾನು ಹೇಳಲಿಲ್ಲ

ನಿಮ್ಮ ಅಂಗಳದಲ್ಲಿ ಹಿಮದ ಮೇಲೆ ಓಡಿಸುವ ಮೋಟಾರು ಗಾಡಿ ನಿಲ್ಲಿಸುವ ಜಾಗವನ್ನು ಒಮ್ಮೆ ಬಗ್ಗಿ ನೋಡಿ. ಹಿಮದ ಮೇಲೆ ಅಂಗೈಯಗಲ ಹಳದಿ ಕಲೆ ಇದೆಯೇ? ಪೆಟ್ರೋಲ್ ವಾಸನೆ ಮೂಗಿಗೆ ಹೊಡೆಯುತ್ತಿದೆಯೇ? ಹಾಗಿದ್ದರೆ ಈ ಕಥೆಯನ್ನು ನಿಮಗಾಗಿಯೇ ಹೇಳುತ್ತಿದ್ದೇನೆ.

ನನ್ನ ಹೆಸರು ಹೆಯ್ಕ. ಹಿಮಸಾರಂಗ ಮೇಯಿಸುವವನು. ಊರಲ್ಲಿ ಯಾರ ಗಾಡಿ ಕೆಟ್ಟರೂ ಮೊದಲು ನನ್ನನ್ನೇ ಕೂಗುತ್ತಿದ್ದರು. ಆ ಹೆಸರೇ ನನ್ನ ತಲೆ ತಿರುಗಿಸಿತು.

ಕಳೆದ ಮಾರ್ಚ್ ತಿಂಗಳಲ್ಲಿ ನನ್ನ ಹಳೆಯ ಗಾಡಿಯ ಕೆಳಗೆ ಕಲೆ ಕಾಣಿಸಿತು. ಮೊದಲು ನೋಡಿದವಳು ನನ್ನ ಹೆಂಡತಿ ಸುನ್ನಾ.

"ಅಲ್ಲ ಮಾರಾಯ, ಗಾಡಿ ಸೋರ್ತಾ ಇದೆಯಲ್ಲ!"

"ನಾಯಿ ಉಚ್ಚೆ ಹೊಯ್ದಿರ್ಬೇಕು."

"ನಮ್ಮ ನಾಯಿ ಪೆಟ್ರೋಲ್ ಕುಡಿಯತ್ತಾ?"

ನಾನು ನಕ್ಕುಬಿಟ್ಟೆ. ಆದರೆ ನನಗೆ ಗೊತ್ತಿತ್ತು. ಕಾರ್ಬರೇಟರಿನಿಂದ ಪೆಟ್ರೋಲ್ ತೊಟ್ಟಿಕ್ಕುತ್ತಿತ್ತು. ಸ್ಕ್ರೂಡ್ರೈವರಿನ ಹಿಡಿಯಿಂದ ಟಕ್ ಟಕ್ ಎಂದು ಎರಡೇಟು ಹಾಕಿದರೆ ನಿಲ್ಲುತ್ತಿತ್ತು. ಎರಡು ದಿನ ಬಿಟ್ಟು ಮತ್ತೆ ಶುರು. ಕೊನೆಗೆ ಒಂದು ಉಪಾಯ ಕಂಡುಕೊಂಡೆ. ಗಾಡಿ ನಿಲ್ಲಿಸಿದಾಗಲೆಲ್ಲ ಟ್ಯಾಂಕಿನ ಕೆಳಗಿನ ಕಾಕ್ ಮುಚ್ಚಿಬಿಡುವುದು. ಪೆಟ್ರೋಲ್ ಕೆಳಗೆ ಇಳಿಯದಿದ್ದರೆ ಸೋರುವುದಾದರೂ ಹೇಗೆ? ಅಷ್ಟಕ್ಕೇ ರಿಪೇರಿ ಆಯಿತೆಂದು ನನ್ನನ್ನು ನಾನೇ ನಂಬಿಸಿಕೊಂಡೆ.

ನನ್ನ ಅಣ್ಣನ ಮಗಳು ರವ್ದ್ನಾ ಪೇಟೆಯಲ್ಲಿ ಎರಡು ವರ್ಷ ಮೆಕ್ಯಾನಿಕ್ ಕೆಲಸ ಕಲಿತು ಬಂದವಳು. ಒಂದು ಭಾನುವಾರ ಕಾಫಿಗೆ ಬಂದವಳು ಅಂಗಳದಲ್ಲೇ ನಿಂತು ಮೂಗು ಅರಳಿಸಿದಳು.

"ಚಿಕ್ಕಪ್ಪ, ಇದು ಕಾರ್ಬರೇಟರ್ ಓವರ್‌ಫ್ಲೋ. ಒಳಗೆ ಪೆಟ್ರೋಲ್ ತಡೆಯೋ ಸೂಜಿ ಸರಿಯಾಗಿ ಕೂರ್ತಿಲ್ಲ. ಬಿಚ್ಚಿ ನೋಡ್ಲಾ? ಅರ್ಧ ಗಂಟೆ ಕೆಲಸ."

ಒಳಗೆ ನಾಲ್ಕು ಜನ ನೆಂಟರು ಕೂತಿದ್ದರು. ಬಾಗಿಲು ತೆರೆದಿತ್ತು.

"ನೀನು ತೊಟ್ಟಿಲಲ್ಲಿ ಇದ್ದಾಗ್ಲೇ ನಾನು ಕಾರ್ಬರೇಟರ್ ಬಿಚ್ತಾ ಇದ್ದೆ ಕಣೆ. ಬಾ, ಕಾಫಿ ಕುಡಿ."

ಎಲ್ಲರೂ ನಕ್ಕರು. ಅವಳು ನಗಲಿಲ್ಲ. "ಬೆಂಕಿ ಹತ್ಕೊಳ್ಳತ್ತೆ ಚಿಕ್ಕಪ್ಪ" ಎಂದಷ್ಟೇ ಹೇಳಿ ಒಳಗೆ ಬಂದಳು.

ಏಪ್ರಿಲ್ ಮೊದಲ ವಾರ ನೆರೆಮನೆಯ ಕಿರ್ಸ್ತೆ ಅಕ್ಕ ಬಂದಳು. ಹಿಮಸಾರಂಗದ ತುಪ್ಪುಳದ ಬೂಟು ಹೊಲಿಯುವುದರಲ್ಲಿ ನಮ್ಮ ಸೀಮೆಗೇ ಅವಳನ್ನು ಮೀರಿಸಿದವರಿಲ್ಲ. ಅವಳ ಗಾಡಿಯ ಬೆಲ್ಟ್ ಹರಿದಿತ್ತು. ಸರೋವರದಲ್ಲಿ ಮಂಜುಗಡ್ಡೆಯ ಕೆಳಗೆ ಬಿಟ್ಟ ಬಲೆ ಎತ್ತಬೇಕಿತ್ತು.

"ಒಂದು ದಿನಕ್ಕೆ ನಿನ್ನ ಗಾಡಿ ಕೊಡ್ತೀಯಾ ಹೆಯ್ಕ?"

"ಧಾರಾಳವಾಗಿ ತಗೊಂಡು ಹೋಗಕ್ಕ."

ಗಾಡಿ ಸೋರುತ್ತದೆ, ನಿಲ್ಲಿಸಿದಾಗ ಕಾಕ್ ಮುಚ್ಚು: ಇಷ್ಟು ಹೇಳಿದ್ದರೆ ಸಾಕಿತ್ತು. ಬಾಯಿವರೆಗೆ ಬಂತು. ಆದರೆ ಹೇಳಿದರೆ, ಊರಿನ ಗಾಡಿಯನ್ನೆಲ್ಲ ರಿಪೇರಿ ಮಾಡುವ ಹೆಯ್ಕನ ಗಾಡಿಯೇ ಸೋರುತ್ತದೆ ಎಂದಾಗುತ್ತದಲ್ಲ! ನುಂಗಿಕೊಂಡೆ.

ಅವಳು ಸರೋವರದ ಮೇಲೆ ಗಾಡಿ ನಿಲ್ಲಿಸಿ ಒಂದು ಗಂಟೆ ಬಲೆ ಎಳೆದಳು. ಅಷ್ಟು ಹೊತ್ತೂ ಪೆಟ್ರೋಲ್ ತೊಟ್ಟಿಕ್ಕಿ ಇಂಜಿನ್ ಕೆಳಗಿನ ತಟ್ಟೆಯಲ್ಲಿ ತುಂಬಿತ್ತು. ಹಗ್ಗ ಎಳೆದು ಸ್ಟಾರ್ಟ್ ಮಾಡಿದ ಕೂಡಲೇ ಕಿಡಿ ತಗುಲಿ ಭಗ್ ಎಂದು ಹೊತ್ತಿಕೊಂಡಿತು. ಹಿಮ ಬಾಚಿ ಎರಚಿದಳು. ಬಲಗೈಯ ಕೈಗವಸಿಗೆ ಪೆಟ್ರೋಲ್ ತಾಗಿ ಅದಕ್ಕೂ ಬೆಂಕಿ ಬಿತ್ತು. ಕಿತ್ತು ಎಸೆದಳು. ಸೀಟಿನ ಮೇಲಿದ್ದ ಚೀಲ, ಅದರೊಳಗಿದ್ದ ಫೋನು, ಎಲ್ಲ ಸುಟ್ಟುಹೋಯಿತು. ಹದಿನಾಲ್ಕು ಕಿಲೋಮೀಟರ್ ನಡೆದಳು. ಎದುರು ಗಾಳಿ. ಬರಿಗೈಯನ್ನು ಅಂಗಿಯೊಳಗೆ ತುರುಕಿಕೊಂಡೇ ನಡೆದರೂ, ಎಡವಿ ಬಿದ್ದಾಗಲೆಲ್ಲ ಹೊರಗೆ ತೆಗೆಯಲೇಬೇಕಾಯಿತು. ಆಸ್ಪತ್ರೆಯಲ್ಲಿ, ಚಳಿಗೆ ಹೆಪ್ಪುಗಟ್ಟಿ ಸತ್ತಿದ್ದ ಬಲಗೈಯ ಎರಡು ಬೆರಳಿನ ತುದಿ ಕತ್ತರಿಸಿದರು.

ನೋಡಲು ಹೋದೆ. ನನ್ನನ್ನು ಕಂಡವಳೇ ಕಣ್ಣಲ್ಲಿ ನೀರು ತುಂಬಿಕೊಂಡಳು.

"ನನ್ನಿಂದ ತಪ್ಪಾಯ್ತಪ್ಪ. ಚೋಕ್ ಜಾಸ್ತಿ ಎಳೆದೆ ಅನ್ಸತ್ತೆ. ನಿನ್ನ ಗಾಡಿ ಸುಟ್ಟುಹಾಕಿಬಿಟ್ಟೆ."

ಆಗ ನಾನೇನು ಹೇಳಿದೆ ಗೊತ್ತೇ?

"ಹೋಗ್ಲಿ ಬಿಡಕ್ಕ. ಗಾಡಿ ತಾನೇ" ಎಂದೆ.

ನಾನು ಅವಳನ್ನು ಕ್ಷಮಿಸಿದೆ! ಊರಲ್ಲಿ ಸುದ್ದಿಯಾಯಿತು. ಹೆಯ್ಕನ ಮನಸ್ಸು ಎಷ್ಟು ದೊಡ್ಡದು, ಒಂದು ಮಾತೂ ಆಡಲಿಲ್ಲವಂತೆ ಎಂದು. ಚರ್ಚಿನ ಮುಂದೆ ಹಿರಿಯರೊಬ್ಬರು ಬೆನ್ನು ತಟ್ಟಿದರು. ತಟ್ಟಿಸಿಕೊಂಡೆ. ಮನೆಗೆ ಬಂದು ಊಟಕ್ಕೆ ಕೂತೆ. ಸುನ್ನಾ ಎದುರಿಗೆ ಕೂತು ನೋಡುತ್ತಿದ್ದಳು.

"ಆವತ್ತು ನಾಯಿ ಅಂದ್ಯಲ್ಲ" ಎಂದಳು.

"ಹೂಂ."

"ಕಿರ್ಸ್ತೆಗೆ ಹೇಳಿದ್ಯಾ?"

ನಾನು ಉಪ್ಪಿನ ಡಬ್ಬಿಗೆ ಕೈ ಚಾಚಿದೆ. ಅವಳು ತಟ್ಟೆ ತೆಗೆದುಕೊಂಡು ಎದ್ದುಹೋದಳು.

ಸುಟ್ಟ ಗಾಡಿಯನ್ನು ಎಳೆದು ತಂದವಳು ರವ್ದ್ನಾ. ಕಾರ್ಬರೇಟರ್ ಬಿಚ್ಚಿ ನನ್ನ ಅಂಗೈ ಮೇಲೆ ಒಂದು ಚಿಕ್ಕ ಸೂಜಿ ಇಟ್ಟಳು. ಅಕ್ಕಿಕಾಳಿಗಿಂತ ತುಸು ದೊಡ್ಡದು. ಹಿತ್ತಾಳೆಯ ತುದಿಯ ಸುತ್ತ ಸವೆದ ಗೆರೆ ಎದ್ದು ಕಾಣುತ್ತಿತ್ತು.

"ಯಾರಿಗೂ ಹೇಳಲ್ಲ ಚಿಕ್ಕಪ್ಪ. ಹೇಳ್ಬೇಕಾದವನು ನೀನು."

"ಹೇಗಮ್ಮಾ ಹೇಳ್ಲಿ?"

"ಅದು ನಂಗೆ ಗೊತ್ತಿಲ್ಲ. ನಂಗೆ ಗಾಡಿ ಮಾತ್ರ ಗೊತ್ತು."

ಮೂರು ವಾರ ತಳ್ಳಿದೆ. ಆಮೇಲೆ ಒಂದು ದಿನ ಸುನ್ನಾ ಹೊಲಿಗೆ ಸಂಘದಿಂದ ಬಂದು ಹೇಳಿದಳು: "ಕಿರ್ಸ್ತೆ ಎಲ್ರಿಗೂ ಬುದ್ಧಿ ಹೇಳ್ತಿದ್ದಾಳೆ, ಚೋಕ್ ಹುಷಾರಾಗಿ ಎಳೀರಿ, ನನ್ನ ಹಾಗೆ ಮಾಡ್ಬೇಡಿ ಅಂತ." ಆ ಮಾತು ಕೇಳಿದ ಮೇಲೆ ಕೂರಲು ಆಗಲಿಲ್ಲ. ಅಲ್ಲಿಗೇ ಹೋದೆ. ಎಂಟು ಹೆಂಗಸರು ಕೂತಿದ್ದರು. ಕಿರ್ಸ್ತೆ ಅಕ್ಕ ಎಡಗೈಯಲ್ಲಿ ಸೂಜಿಗೆ ದಾರ ಪೋಣಿಸಲು ಹೆಣಗುತ್ತಿದ್ದಳು. ಟೋಪಿ ತೆಗೆದು ಎಲ್ಲವನ್ನೂ ಹೇಳಿದೆ. ಕಲೆ, ನಾಯಿಯ ಮಾತು, ರವ್ದ್ನಾಳ ಎಚ್ಚರಿಕೆ, ಕಾಕ್, ನುಂಗಿಕೊಂಡ ಮಾತು.

ಕಿರ್ಸ್ತೆ ಅಕ್ಕ ಸೂಜಿಯನ್ನು ಕೆಳಗಿಟ್ಟಳು.

"ಮೂರು ವಾರದಿಂದ ನನ್ನ ಕೈಗೆ ನಾನೇ ಬೈಕೋತಿದ್ದೆ ಹೆಯ್ಕ" ಎಂದಳು ಕಿರ್ಸ್ತೆ ಅಕ್ಕ. "ನೀನು ಕ್ಷಮಿಸಿದಾಗ ನಿಂಗೆ ಥ್ಯಾಂಕ್ಸ್ ಬೇರೆ ಹೇಳ್ದೆ."

ಟೋಪಿಯಿಂದ ಕಣ್ಣೊರೆಸಿಕೊಂಡೆ.

"ಅಳ್ಬೇಡ. ನೀನು ಅತ್ರೆ ನನ್ನ ಬೆರಳು ಬರಲ್ಲ. ಆ ಹುಡುಗೀನ ಕರ್ಕೊಂಡು ಬಾ. ಅವಳು ನಿಂಗೆ ಹೇಳೋಕೆ ಬಂದಿದ್ದನ್ನ ನಮಗೆ ಹೇಳ್ಲಿ. ನೀನೂ ಕೂತು ಕೇಳು."

ಮರುದಿನ ಆ ಹೆಂಗಸರೆಲ್ಲರ ಮುಂದೆ ರವ್ದ್ನಾ ಬಯಲಲ್ಲಿ ಸುನ್ನಾಳ ಗಾಡಿಯ ಬಾನೆಟ್ ಎತ್ತಿದಳು. ನಾನು ಡಬ್ಬ ಹಿಡಿದು ನಿಂತೆ.

"ಮೊದ್ಲು ಇಂಜಿನ್ ಆರಿಸಿ, ಪೂರ್ತಿ ತಣ್ಣಗಾಗ್ಲಿ. ಕಾಕ್ ಮುಚ್ಚಿ. ಮನೆಯೊಳಗೆ, ಒಲೆ ಹತ್ರ ಬಿಚ್ಬೇಡಿ. ಸಿಗರೇಟ್ ಸೇದೋರು ಆಚೆ ಹೋಗಿ. ಈಗ ಕಾರ್ಬರೇಟರನ್ನ ಬಟ್ಟೇಲಿ ಒಣಗೋ ಹಾಗೆ ಒರೆಸಿ, ಕಾಕ್ ತೆರೆದು ಎಲ್ಲಿ ಒದ್ದೆ ಆಗತ್ತೆ ನೋಡಿ. ಪೈಪಿನ ಬಾಯಲ್ಲಾದ್ರೆ ಪೈಪ್ ಬಿರುಕು ಬಿಟ್ಟಿದೆ, ಇಲ್ಲಾ ಕ್ಲಿಪ್ ಸಡಿಲ. ಕೆಳಗಿನ ಬಟ್ಟಲಿನ ಅಂಚಲ್ಲಾದ್ರೆ ಸಂದಿ ಮುಚ್ಚೋ ಗ್ಯಾಸ್ಕೆಟ್ ಹೋಗಿದೆ."

"ಈ ಓವರ್‌ಫ್ಲೋ ಪೈಪಿಂದ ಬಂದ್ರೆ?" ಕಿರ್ಸ್ತೆ ಅಕ್ಕ ಕೇಳಿದಳು.

"ಆಗ ಸೂಜಿ, ಇಲ್ಲಾ ಬಟ್ಟಲಲ್ಲಿ ತೇಲೋ ಫ್ಲೋಟು. ಮತ್ತೆ ಕಾಕ್ ಮುಚ್ಚಿ, ಬಟ್ಟಲಲ್ಲಿರೋ ಪೆಟ್ರೋಲನ್ನ ಡಬ್ಬಕ್ಕೆ ಬಸಿದು ಬಿಚ್ಚಿ. ಸೂಜಿ ಕೂರೋ ಜಾಗದಲ್ಲಿ ಕಸ ಸಿಕ್ಕಿದ್ರೆ ತೊಳೀರಿ. ಸೂಜಿ ಸವೆದಿದ್ರೆ ಹೊಸದು ಹಾಕಿ. ಫ್ಲೋಟನ್ನ ಕಿವಿ ಹತ್ರ ಅಲ್ಲಾಡಿಸಿ. ಗುಳುಗುಳು ಅಂದ್ರೆ ತೂತಾಗಿದೆ, ಅದನ್ನೂ ಬದಲಾಯ್ಸಿ. ಕಸ ಮತ್ತೆ ಬರ್ದೇ ಇರೋಕೆ ಫಿಲ್ಟರ್ ಹಾಕಿ. ಕೆಳಗಿನ ತಟ್ಟೇಲಿ ಚೆಲ್ಲಿದ್ದನ್ನ ಒರೆಸಿ, ಗಾಳಿಗೆ ಪೂರ್ತಿ ಆರೋವರೆಗೂ ಸ್ಟಾರ್ಟ್ ಮಾಡ್ಲೇಬೇಡಿ."

"ಸ್ಕ್ರೂಡ್ರೈವರಲ್ಲಿ ಎರಡೇಟು ಹಾಕಿದ್ರೆ ನಿಲ್ಲತ್ತಲ್ಲ?" ಎಂದು ಯಾರೋ ಕೇಳಿದರು.

"ಅವತ್ತಿಗೆ ನಿಲ್ಲತ್ತೆ" ಎಂದು ರವ್ದ್ನಾ ನನ್ನ ಕಡೆ ನೋಡದೆಯೇ ಉತ್ತರಿಸಿದಳು. ನಾನು ಡಬ್ಬದೊಳಗೆ ನೋಡುತ್ತ ನಿಂತೆ.

ಕಿರ್ಸ್ತೆ ಅಕ್ಕ ಈಗ ಬೂಟು ಹೊಲಿಯುತ್ತಾಳೆ, ಮೊದಲಿನ ಅರ್ಧದಷ್ಟು. ನನ್ನೊಂದಿಗೆ ಮಾತಾಡುತ್ತಾಳೆ. ಅವಳ ಕೈ ನೋಡಲು ಮಾತ್ರ ನನಗಿನ್ನೂ ಆಗುವುದಿಲ್ಲ.

ಅಕ್ಕಂದಿರೇ, ಅಣ್ಣಂದಿರೇ, ಇವತ್ತೇ ನಿಮ್ಮ ಗಾಡಿಯ ಬಾನೆಟ್ ಎತ್ತಿ ಮೂಸಿ ನೋಡಿ. ವಾಸನೆ ಬಂದರೆ ಕಾಕ್ ಮುಚ್ಚಿ, ಗಾಡಿಯನ್ನು ಮನೆಯಿಂದ ದೂರ ನಿಲ್ಲಿಸಿ, ರಿಪೇರಿ ಆಗುವವರೆಗೆ ಓಡಿಸಬೇಡಿ, ಯಾರಿಗೂ ಕೊಡಬೇಡಿ. ಗೊತ್ತಿರುವವರನ್ನು ಕರೆಯಿರಿ; ಅವರು ನಿಮಗಿಂತ ಚಿಕ್ಕವರಾದರೂ ಕರೆಯಿರಿ. ಕೇಳಲು ನಾಚಿಕೆಯಾದರೆ ನನಗೆ ಹೇಳಿ ಕಳಿಸಿ. ನಿಮ್ಮ ಪರವಾಗಿ ನಾನು ಹೋಗಿ ಕೇಳುತ್ತೇನೆ.