ಐವತ್ತೈದನೆಯ ಬನ್ನಿ

"ಅವಂಗ ಹೇಳ್ರಿ, ತಲಿ ಕಡೆ ಸ್ವಲ್ಪ ಮ್ಯಾಲ ಎತ್ತಂತ," ಎಂದ ಮುತ್ತಣ್ಣ. ಅಪ್ಪನ ಹೆಣ ಮಲಗಿದ್ದ ಕಂಬಳಿಯ ಕಾಲ ಕಡೆಯ ತುದಿ ಅವನ ಕೈಯಲ್ಲಿತ್ತು. ತಲೆಯ ಕಡೆ ಹಿಡಿದು ಎದುರಿಗೇ ನಿಂತವನು ತಮ್ಮ ದುರಗೇಶ.

"ಅಂವಾ ಏನ್ ಮುಧೋಳದಾಗ ಅದಾನೇನಲೇ? ನೀನ ಹೇಳು," ಎಂದ ಪಕ್ಕದ ಮನೆಯ ಚನಮಲ್ಲಪ್ಪ.

ದುರಗೇಶ ಕೇಳಿಸಿಕೊಂಡು ಎತ್ತಿದ. ಅಪ್ಪ ಗಿರಮಲ್ಲಪ್ಪ ಕಟ್ಟೆ ಇಳಿದು ಚಟ್ಟ ಸೇರಿದ.

ಏಳು ವರ್ಷದ ಹಿಂದೆ ಅಣ್ಣ ಸಾಕಿದ ಟಗರನ್ನು ದುರಗೇಶ ಕೇಳದೆ ಕಾಳಗಕ್ಕೆ ಒಯ್ದಿದ್ದ. ಅದು ತಲೆ ಒಡೆದು ಸತ್ತಿತು. ಆಮೇಲೆ ಚಿಮ್ಮಡದ ಆ ಮನೆಗೆ ಕಟ್ಟೆ ಒಂದೇ ಉಳಿಯಿತು, ಬಾಗಿಲು ಎರಡಾದವು, ಒಲೆ ಎರಡಾದವು. ಅಣ್ಣ ತಮ್ಮ ಮಾತು ಬಿಟ್ಟರು.

"ಮಣ್ಣ ಕೊಡೂದರೊಳಗರ ಮಾತಾಡ್ತಾರೋ ಇಲ್ಲೋ," ಎಂದಳು ಮಣ್ಣಿಗೆ ಬಂದಿದ್ದ ರುಕ್ಮವ್ವ.

"ಅವರಪ್ಪ ಕಣ್ಣ ಬಿಟಗೊಂಡ ನೋಡಾಕತ್ತಾಗ ಆಡಲಿಲ್ಲ," ಎಂದಳು ಗಂಡನನ್ನು ಕಳೆದುಕೊಂಡ ಅವರ ತಾಯಿ ಸಿದ್ದಕ್ಕ. "ಈಗ ಯಾರ ಸಲವಾಗಿ ಆಡ್ತಾರ?"

ಮುತ್ತಣ್ಣನ ಮಗಳು ಪ್ರತಿಮಾ ಚಟ್ಟದ ಹಿಂದೆ ನಡೆದಳು. ರಾತ್ರಿಯಿಡೀ ನಿದ್ದೆಯಿಲ್ಲದೆ ಅವಳಿಗೆ ಎಲ್ಲವೂ ನೀರಿನೊಳಗಿನಿಂದ ಕಂಡಂತೆ ಕಾಣುತ್ತಿತ್ತು. ಮಂಜಿನಲ್ಲಿ ಮುಂದೆ ಹೋಗುತ್ತಿದ್ದವರ ನಡುವೆ ಒಬ್ಬರಿಂದ ಒಬ್ಬರಿಗೆ ಸಣ್ಣ ಎಳೆಗಳು ಹಾದಿದ್ದವು. ಅಪ್ಪನಿಂದ ಕಾಕಾ ದುರಗೇಶನವರೆಗೆ ಮಾತ್ರ ಬರೀ ಮಂಜು.

*

ಹೋದ ತಿಂಗಳು ದಸರೆಯ ಸಂಜೆ ಅಜ್ಜ ಗಿರಮಲ್ಲಪ್ಪ ಕಟ್ಟೆಯ ಮೂಲೆಯಲ್ಲಿ ಒಣ ಕುರಿ ಹಿಕ್ಕಿ ಜೋಡಿಸುತ್ತಿದ್ದ. ಮನೆಮಂದಿ ಹನ್ನೊಂದು ಜನ. ಒಬ್ಬೊಬ್ಬರೇ ಕಟ್ಟೆಗೆ ಬಂದು, ಮೊದಲೇ ಕುಳಿತವರಿಗೆಲ್ಲ ಬನ್ನಿ ಕೊಟ್ಟು, "ಬಂಗಾರದಂಗ ಇರೂಣು" ಎಂದು ಹಿರಿಯರ ಕಾಲು ಮುಟ್ಟುತ್ತಿದ್ದರು. ಅಜ್ಜ ಮೊದಲೇ ಕುಳಿತಿದ್ದ. ಕೊಟ್ಟ ಒಂದೊಂದು ಬನ್ನಿಗೆ ಒಂದೊಂದು ಹಿಕ್ಕಿ ಇಡುತ್ತಿದ್ದ. ಆಯಿ ಸಿದ್ದಕ್ಕ ಬಂದಳು, ಒಂದು ಹಿಕ್ಕಿ. ಮೂರನೆಯವರು ಬಂದರು, ಅದರ ಕೆಳಗೆ ಎರಡು. ನಾಲ್ಕನೆಯವರಿಗೆ ಮೂರು. ಗುಡ್ಡದಿಂದ ಇಳಿಯುವ ಕುರಿಗಳ ಹಾಗೆ ಸಾಲುಗಳು ಅಗಲವಾಗುತ್ತ ಹೋದವು. ಕೊನೆಗೆ ಬಂದವನು ದುರಗೇಶ, ಅಣ್ಣನ ಮುಂದೆ ಮಾತ್ರ ನಿಲ್ಲದೆ ದಾಟಿದ.

"ಐವತ್ನಾಕು," ಎಂದ ಅಜ್ಜ.

ಬನಹಟ್ಟಿಯಲ್ಲಿ ಬಿ.ಎಸ್ಸಿ ಓದುವ ಪ್ರತಿಮಾ ನಕ್ಕಳು. "ಹತ್ತ ಹನ್ನೊಂದ್ಲೆ ನೂರಾ ಹತ್ತು, ಅದರಾಗ ಅರ್ಧ. ಐವತ್ತೈದು ಆಗಬೇಕು ಅಜ್ಜಾ. ಲೆಕ್ಕ ತಪ್ಪೈತಿ."

"ನಿನ್ನ ಪುಸ್ತಕದಾಗ ಐವತ್ತೈದು."

ಕೊನೆಯ ಸಾಲಿನಲ್ಲಿ ಒಂದು ಜಾಗ ಖಾಲಿಯಿತ್ತು. ಅವಳು ಅಲ್ಲೊಂದು ಹಿಕ್ಕಿ ಇಟ್ಟಳು. ಅಜ್ಜ ಅದನ್ನು ಹೆಕ್ಕಿ ಅಂಗಳಕ್ಕೆ ಎಸೆದ. "ಸುಳ್ಳ ತುಂಬಬ್ಯಾಡ," ಎಂದ. ಸಂಚಿ ಬಿಚ್ಚಿ ತಂಬಾಕು ತಿಕ್ಕಿದ. ಆಮೇಲೆ ಯಾರೂ ತುಳಿಯದಿರಲೆಂದು ಹಿಕ್ಕಿಗಳ ಮೇಲೆ ಬುಟ್ಟಿ ಬೋರಲು ಹಾಕಿದ.

*

ಹೂಳಲು ತೋಡಿದ ಕುಣಿಯ ದಂಡೆಯಲ್ಲಿ ಮತ್ತೆ ಅದೇ ಕಂಬಳಿ, ಅದೇ ಇಬ್ಬರು.

"ಅವಂಗ ಹೇಳ್ರಿ, ಸಾವಕಾಸ ಬಿಡಂತ," ಎಂದ ಮುತ್ತಣ್ಣ.

ಕಂಬಳಿ ಅರ್ಧ ಇಳಿಯಿತು. ಮುತ್ತಣ್ಣನ ಕಾಲ ಕೆಳಗಿನ ಹಸಿ ಮಣ್ಣು ಕುಸಿಯಿತು, ಹೆಣ ಒಂದು ಕಡೆಗೆ ವಾಲಿತು.

"ಅಣ್ಣಾ, ಜಾರಾಕತ್ತೈತಿ! ಹಿಡಿ!"

"ಹಿಡದೀನಿ. ನೀ ಬಿಡು."

ಅಷ್ಟೇ. ಗಿರಮಲ್ಲಪ್ಪ ಸಮವಾಗಿ ತಳ ಮುಟ್ಟಿದ. ಜನ ಭಂಡಾರದ ಅರಿಸಿನ ಎರಚಿ ಮಣ್ಣು ಕೊಟ್ಟರು.

"ಮಾತಾಡಿದ್ರಲ್ಲ!" ಎಂದ ಚನಮಲ್ಲಪ್ಪ, ವಾಪಸು ಬರುವಾಗ.

"ಅದು ಹೆಣ ಇಳಸೂ ಮಾತು," ಎಂದಳು ರುಕ್ಮವ್ವ.

*

ಜನ ಹೋದ ಮೇಲೆ ಅಣ್ಣ ತಮ್ಮ ಕಟ್ಟೆಯ ಎರಡು ತುದಿಗಳಲ್ಲಿ ಕುಳಿತರು. ಪ್ರತಿಮಾ ಮೂಲೆಯ ಬುಟ್ಟಿ ಎತ್ತಿದಳು. ಸಾಲುಗಳು ಹಾಗೇ ಇದ್ದವು.

"ಗುಡಿಸಿ ಒಗಿ ಅದನ್ನ," ಎಂದಳು ಸಿದ್ದಕ್ಕ.

"ತಡಿ ಆಯಿ. ಈಗ ನಾವು ಹತ್ತ ಮಂದಿ."

"ಹಂಗಾರ ಕಡೀ ಸಾಲ ತಗದರಾತು."

ಕಡೆಯ ಸಾಲು ತೆಗೆದರೆ ಖಾಲಿ ಜಾಗವೂ ಅದರ ಜೊತೆ ಹೋಗುತ್ತಿತ್ತು. ಪ್ರತಿಮಾ ಅದನ್ನು ಮುಟ್ಟಲಿಲ್ಲ. ಎಲ್ಲರೂ ಮೊದಲು ಬನ್ನಿ ಕೊಟ್ಟದ್ದು ಅಜ್ಜನಿಗೆ. ಹಾಗಾಗಿ ಪ್ರತಿ ಸಾಲಿನ ಮೊದಲನೆಯದು ಅಜ್ಜನದು. ತುದಿಯಲ್ಲಿ ಒಂಟಿಯಾಗಿದ್ದುದು ಅಜ್ಜನಿಗೆ ಆಯಿ ಕೊಟ್ಟದ್ದು. ಮೊದಲು ಅದನ್ನು ಹೆಕ್ಕಿದಳು. ಆಮೇಲೆ ಒಂದೊಂದು ಸಾಲಿನಿಂದ ಒಂದೊಂದು. ಅಂಗೈಯಲ್ಲಿ ಹತ್ತು ಹಿಕ್ಕಿ, ತೂಕವೇ ಇಲ್ಲ. ಒಂಬತ್ತು ಸಾಲು ಉಳಿದವು. ಕೊನೆಯ ಸಾಲಿನ ಖಾಲಿ ಜಾಗ ಇದ್ದಲ್ಲೇ ಇತ್ತು.

ಮುತ್ತಣ್ಣ ಅದನ್ನೇ ನೋಡುತ್ತಿದ್ದ. ಗೂಟದಲ್ಲಿ ನೇತಾಡುತ್ತಿದ್ದ ಅಪ್ಪನ ಸಂಚಿ ತೆಗೆದು ಚಿಟಿಕೆ ತಂಬಾಕು ಹಾಕಿಕೊಂಡ. ಸಂಚಿಯನ್ನು ತಮ್ಮನ ಕಡೆಗೆ ದೂಡಿದ. ಅದು ಜಾರುತ್ತ ಹೋಗಿ ಕಟ್ಟೆಯ ನಡುವೆ ನಿಂತಿತು.

ದುರಗೇಶ ಅತ್ತ ನೋಡಲಿಲ್ಲ. ಆದರೆ ಅವನ ಕೈ ತೊಡೆಯಿಂದ ಕಟ್ಟೆಗಿಳಿಯಿತು.

ಪ್ರತಿಮಾ ಅಜ್ಜನ ಹತ್ತು ಹಿಕ್ಕಿಗಳಲ್ಲಿ ಒಂದನ್ನು ಎರಡು ಬೆರಳಲ್ಲಿ ಹಿಡಿದು, ಖಾಲಿ ಜಾಗದ ಮೇಲೆ ಕೈ ತಡೆದು, ಕಾಕಾನ ಕೈ ನೋಡುತ್ತ ಕುಳಿತಳು.