ತುಟಿಯ ಮುಂದಿನ ದಾರ

"ಎಲ್ಲರೂ ದಾರಾನ ಸೂಜಿಗೆ ಪೋಣಿಸಿದ್ರೆ, ಆ ಯಮ್ಮ ತುಟಿಗೆ ಪೋಣಿಸ್ತಾಳೆ" ಎಂದು ನಮ್ಮ ದೊಡ್ಡಮ್ಮನ ಬಗ್ಗೆ ನೆರೆಹೊರೆಯವರು ಆಡಿಕೊಳ್ಳುತ್ತಿದ್ದರು. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಕಿಟಕಿಗೆ ಬೆಳಕು ಬಂದೊಡನೆ ಆಕೆ ಗೇಣುದ್ದದ ಬಿಳಿದಾರವನ್ನು ತುಟಿಯ ಮುಂದೆ ಇಳಿಬಿಟ್ಟುಕೊಂಡು ಪೇಪರ್, ಪಾಕೆಟ್, ಪರ್ಪಸ್ ಎಂದು ಇಂಗ್ಲಿಷ್ ಪದಗಳ ಪಾರಾಯಣಕ್ಕೆ ನಿಲ್ಲುತ್ತಿದ್ದಳು. ಇಂಗ್ಲಿಷಿನ 'ಪ'ಕಾರಕ್ಕೆ ಉಸಿರು ಚಿಮ್ಮಬೇಕಂತೆ; ಅದು ತಾಗಿ ದಾರ ಹಾರಿದರೆ ಉಚ್ಚಾರ ಶುದ್ಧ. ಸುಮ್ಮನೆ ನೇತಾಡಿದರೆ ಮತ್ತೆ ಮೊದಲಿನಿಂದ.

ಉಡುಪಿನ ಅಂಗಡಿಯೊಂದರ ಹಿಂಗೋಣೆಯಲ್ಲಿ, ಪರದೆಯ ಮರೆಯಲ್ಲಿ ಕೂತು ಕೋಟು ಹೊಲಿಯುವುದು ಆಕೆಯ ಕಸುಬು. ವರ್ಷಗಟ್ಟಲೆ ಮಿಷನ್ ತುಳಿದ ಆ ಕಾಲುಗಳು ಬೀದಿಯನ್ನೂ ತುಳಿಯುತ್ತಲೇ ನಡೆಯುತ್ತಿದ್ದವು. ಕೊರಳಿನ ಟೇಪು ಊಟಕ್ಕೆ ಕೂತಾಗಲೂ ಇಳಿಯುತ್ತಿರಲಿಲ್ಲ. ಪರದೆಯಾಚೆ ಗಿರಾಕಿಗಳು ಆಡುವ ಇಂಗ್ಲಿಷಿನಿಂದ ಪದವೊಂದನ್ನು ಹೆಕ್ಕಿ, ಮಾಲೀಕರ ನಿಘಂಟಿನಲ್ಲಿ ಅರ್ಥ ಹುಡುಕಿ, ಮನೆಗೆ ತಂದು ನಮ್ಮ ಮೇಲೆ ಕಚ್ಚಾಹೊಲಿಗೆ ಹಾಕಿ ನೋಡುತ್ತಿದ್ದಳು. "ಈ ಕುಂಬಳಕಾಯಿ ಮ್ಯಾಗ್ನಿಫಿಸೆಂಟ್! ಪಿಳಿಪಿಳಿ ನೋಡ್ತೀಯಲ್ಲೋ, ಭವ್ಯವಾಗಿದೆ ಅಂತ!"

ಈ ತಪಸ್ಸಿಗೆಲ್ಲ ಮೂಲ ನನ್ನ ಅಮ್ಮ. ಇಂಗ್ಲಿಷ್ ಶಾಲೆಯಲ್ಲಿ ಕಲಿತು ದೊಡ್ಡಮ್ಮನಿದ್ದ ಮನೆಗೇ ಕಿರಿಸೊಸೆಯಾಗಿ ಬಂದ ಅಮ್ಮ, ಹಾಲು ಚೆಲ್ಲಿದರೆ 'ಸಾರಿ ಅಕ್ಕ', ಲೋಟ ಬೇಕಾದರೆ 'ಪ್ಲೀಸ್ ಅಕ್ಕ' ಎಂದು ಸಲೀಸಾಗಿ ಅಂದುಬಿಡುತ್ತಿದ್ದಳು. ಓರಗಿತ್ತಿಯ ಬಾಯಿಂದ ಉದುರಿದ ಪ್ರತಿಯೊಂದು ಪದವೂ ದೊಡ್ಡಮ್ಮನ ಹೊಟ್ಟೆಯಲ್ಲಿ ಕೆಂಡವಾಗುತ್ತಿತ್ತು. ಅದಕ್ಕಾಗಿ ಆಕೆ ಹೂಡಿದ ಹಟವೂ ವಿಲಕ್ಷಣವಾದದ್ದೇ: ಅಮ್ಮ ಆಡಿದ ಪದವನ್ನು ತಾನು ಮುಟ್ಟಬಾರದು. "ಅವಳು ಉಟ್ಟು ಬಿಟ್ಟಿದ್ದು ನನಗ್ಯಾಕೆ?" ಹೀಗೆ ಸಾರಿ, ಪ್ಲೀಸ್, ಟೈಟ್, ಲೂಸ್ ಎಲ್ಲವೂ ಆಕೆಯ ನಾಲಗೆಯಿಂದ ಗಡಿಪಾರಾಗಿ, ಅಮ್ಮನಿಗೂ ಗೊತ್ತಿರದ ಗಜಗಾತ್ರದ ಪದಗಳು ಅಲ್ಲಿ ಬೀಡುಬಿಟ್ಟವು.

ಪರದೆ ದಾಟಿ ಬಂದು ಗಿರಾಕಿಗಳ ಎದುರು ನಿಲ್ಲಬೇಕೆಂಬುದು ಆಕೆಯ ಬಹುಕಾಲದ ಆಸೆ. ಕೊನೆಗೊಮ್ಮೆ ಮಾಲೀಕರು ಪರೀಕ್ಷೆಗೆಂದು ಕೌಂಟರಿನಲ್ಲಿ ನಿಲ್ಲಿಸಿದರು. ಬಂದ ಹೆಂಗಸು ಕೋಟು ತೊಟ್ಟು, ಬಿಗಿಯಾಯಿತೇ ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಟೈಟ್ ಅಮ್ಮನ ಪದವಾದ್ದರಿಂದ, ಅತಿಸೊಗಸು ಎಂಬರ್ಥದಲ್ಲಿ "ಎಕ್ಸ್‌ಕ್ವಿಸಿಟ್" ಎಂದಳು ದೊಡ್ಡಮ್ಮ. ತೋಳು ಸಡಿಲವೇ? "ಮ್ಯಾಗ್ನಿಫಿಸೆಂಟ್!" ತನ್ನನ್ನು ಗೇಲಿ ಮಾಡುತ್ತಿದ್ದಾರೆಂದುಕೊಂಡ ಆ ಗಿರಾಕಿ ಕೋಟು ಕಳಚಿಟ್ಟು ಹೊರಟೇಹೋದಳು.

"ನಿಮ್ಮ ಇಂಗ್ಲಿಷೆಲ್ಲ ಬರೀ ಜರಿ ಕಣಮ್ಮ, ಬಟ್ಟೆ ಎಲ್ಲಿ?" ಎಂದರು ಮಾಲೀಕರು. "ವಾರ ಬಿಟ್ಟು ಮತ್ತೆ ನೋಡ್ತೀನಿ. ಆಗ್ಲೂ ಹಿಂಗೇ ಆದ್ರೆ ಪರದೆ ಹಿಂದೇನೇ."

ಆ ಸಂಜೆ ದೊಡ್ಡಮ್ಮ ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತಳು. "ನೀನು ಆಡ್ತಿರ್ತೀಯಲ್ಲ ಆ ಚಿಲ್ಲರೆ ಮಾತುಗಳು, ಒಂದ್ಸಲ ಹೇಳೇ."

"ಯಾಕಕ್ಕ?"

"ಕಿವಿಗೆ ತಂಪಾಗ್ಲಿ ಅಂತ! ಕೇಳಿದ್ದಕ್ಕೆ ಹೇಳೇ ಅಂದ್ರೆ."

"ಪ್ಲೀಸ್" ಎಂದಳು ಅಮ್ಮ, ನಗು ತಡೆದುಕೊಂಡು.

ದೊಡ್ಡಮ್ಮ ಸರಕ್ಕನೆ ಅಮ್ಮನ ತುಟಿಯ ಮುಂದೆ ದಾರ ಹಿಡಿದು ಮತ್ತೊಮ್ಮೆ ಹೇಳಿಸಿದಳು. ದಾರ ಅಲುಗಲಿಲ್ಲ. ಆಕೆಯ ಮುಖ ಅರಳಿದ ಪರಿಯನ್ನು ನಾನು ಇಂದಿಗೂ ಮರೆತಿಲ್ಲ. "ನಿನ್ನ ದಾರ ಹಾರಲೇ ಇಲ್ವಲ್ಲೇ!" ಅಮ್ಮನಿಗಿಂತ ತಾನೇ ಚೆನ್ನಾಗಿ ಆಡಬಲ್ಲೆನೆಂದು ಖಾತ್ರಿಯಾದ ಮೇಲೆ ಆ ಪದಗಳಲ್ಲಿ ಎಂಜಲೇನೂ ಉಳಿಯಲಿಲ್ಲ, ವಾರದೊಳಗೆ ಅಷ್ಟನ್ನೂ ಬಾಚಿಕೊಂಡಳು, ಕೌಂಟರೂ ದಕ್ಕಿತು.

ಮುಂದೆ ಮಾಲೀಕರು ಇನ್ನೊಂದು ಊರಿನಲ್ಲಿ ಅಂಗಡಿ ತೆರೆದು ಅದನ್ನು ಆಕೆಗೇ ಒಪ್ಪಿಸಿದರು. ದೊಡ್ಡಪ್ಪ ಸಾಮಾನನ್ನೆಲ್ಲ ಗಾಡಿಗೇರಿಸಿ ಕೂಗುತ್ತಿದ್ದರೂ ದೊಡ್ಡಮ್ಮ ಹೊಸಿಲಲ್ಲಿ ನಿಂತು, ಸೆರಗಿನಿಂದ ದಾರವೊಂದನ್ನು ಎಳೆದು ಅಮ್ಮನ ಮುಂದೆ ಹಿಡಿದಳು. "ಹೋಗೋ ಹೊತ್ತಲ್ಲಿ ಇನ್ನೊಂದ್ಸಲ ಅನ್ನೇ, ನೋಡೋಣ."

"ಪ್ಲೀಸ್."

ದಾರ ಚಿಮ್ಮಿ ಹಾರಿತು.

"ಕಳ್ಳಿ! ಯಾವಾಗ ಕಲಿತೆ?"

ಅಮ್ಮನ ಕಣ್ಣು ತುಂಬಿತ್ತು. ಕೆಲವರ ಮತ್ಸರ ಸುಡುವ ಜಾತಿಯದಲ್ಲ, ಬೇಯಿಸಿ ಹದ ಮಾಡುವ ಜಾತಿಯದು. ಎದುರಾಳಿ ಇಲ್ಲದ ಊರಿಗೆ ಹೋಗುವುದು ಅಂಥವರಿಗೆ ಗೆಲುವೆನಿಸುವುದೇ ಇಲ್ಲ. ದೊಡ್ಡಮ್ಮ ಮೆಟ್ಟಿಲಿಳಿದು, ಬೀದಿಯನ್ನು ತುಳಿಯುತ್ತ ಗಾಡಿಯತ್ತ ನಡೆದಳು. ಆ ದಾರ ಅವಳ ತುಟಿಯ ಮುಂದಿತ್ತು, 'ಪ್ಲೀಸ್' ಮತ್ತೆ ಮೊದಲಿನಿಂದ.