ನೂರಕ್ಕೆ ಎರಡು ಕಿಲೊ

ಜಗತ್ತಿನ ಅತಿ ದೊಡ್ಡ ಬಾಕ್ಸರ್ ಯಾರು ಎಂಬ ಜಗಳ ಸೇಡಂನ ಹಾಜಿಸಾಬನ ಹೋಟೆಲಿನಲ್ಲಿ ಇಪ್ಪತ್ತು ವರ್ಷದಿಂದ ನಡೆಯುತ್ತಿತ್ತು. ಹಾಜಿಸಾಬ ಮಹಮ್ಮದ್ ಅಲಿಯನ್ನು ಬಿಟ್ಟುಕೊಡುತ್ತಿರಲಿಲ್ಲ, ಒಂದು ಕಾಲಕ್ಕೆ ತಾನೂ ಬಾಕ್ಸರ್ ಆಗಿದ್ದ ಜಹಾಂಗೀರ ಫಿಲಿಪೈನ್ಸಿನ ಪ್ಯಾಕ್ವಿಯಾವೊನನ್ನು ಬಿಡುತ್ತಿರಲಿಲ್ಲ. ಎದುರಿನ ದಾಲ್ ಮಿಲ್ಲಿನಲ್ಲಿ ತೊಗರಿ ತೂಗುವ ನಾನು ಇಬ್ಬರ ನಡುವೆ ಕೂತು ಛಾ ಕುಡಿಯುತ್ತಿದ್ದೆ.

ಅವತ್ತು ಮಧ್ಯಾಹ್ನವೂ ಅದೇ.

"ಎಂಟು ತೂಕದ ವರ್ಗದಾಗ ಪಟ್ಟ ಗೆದ್ದಾನ ಚಾಚಾ, ಎಂಟು!" ಎಂದ ಜಹಾಂಗೀರ. " ಮೊದಲ್ನೇದು ನನ್ನ ತೂಕದಾಗ. ನಿಮ್ಮ ಅಲಿ ಒಂದ ತೂಕದಾಗ ಕುಂತ."

"ಆ ತೂಕದ ಮ್ಯಾಲ ಮತ್ತ ತೂಕ ಎಲ್ಲಿ ಅದನೋ? ಆಸ್ಮಾನಕ್ಕ ಏರಬೇಕಿತ್ತೇನು ಅಂವ?"

"ಹಳೇ ಬಾಕ್ಸರ್ ರಾಬಿನ್ಸನ್ ನೋಡ್ರಿ," ಎಂದೆ ನಾನು. ಜಹಾಂಗೀರನೇ ಫೋನಿನಲ್ಲಿ ತೋರಿಸಿದ್ದ ಕಥೆ. "ಎರಡು ತೂಕದಾಗ ಗೆದ್ದು ಮೂರನೇದಕ್ಕ ಹ್ವಾದ. ಗೆಲ್ಲೂ ಪಂದ್ಯ, ಸೆಕಿಗಿ ಸೋತು ಕುಂತಬಿಟ್ಟ."

"ಸೇಡಂದಾಗ ಒಂದು ಏಪ್ರಿಲ್ ಕಳದಿದ್ರ ಗೆಲ್ತಿದ್ದ," ಎಂದ ಹಾಜಿಸಾಬ. ನಕ್ಕೆವು. ಆ ನಗೆಯಲ್ಲೇ ಅವನು ಮುಂದುವರಿಸಿದ: "ಯಾಕೋ ಜಹಾಂಗೀರ, ನೀನೂ ಒಂದು ತೂಕ ಮ್ಯಾಲ ಏರಿದ್ದೆಲ್ಲ. ಏನಾತು?"

ಜಹಾಂಗೀರ ನಗಲಿಲ್ಲ. "ಅಮ್ಮಿ ರೊಟ್ಟಿ ತಿನ್ನಿಸಿದ್ಳು. ಅದಾತು," ಎಂದ.

ಇಪ್ಪತ್ತೆರಡು ವರ್ಷದ ಹಿಂದೆ ಅವನು ಐವತ್ತೊಂದು ಕಿಲೊದ ಹುಡುಗ. ಕಲಬುರಗಿಯ ಆಯ್ಕೆಯಲ್ಲಿ ಗೆದ್ದಿದ್ದರೆ ರೈಲ್ವೆ ನೌಕರಿಯ ದಾರಿ ತೆರೆಯುತ್ತಿತ್ತು. ತಾಲೀಮಿನ ಗರಡಿಯಲ್ಲಿ ತೂಕದ ಯಂತ್ರ ಇರಲಿಲ್ಲ. ನಮ್ಮ ಮಿಲ್ಲಿನ ತೂಕದ ಕಾಟಾದ ಮೇಲೆ, ತೊಗರಿ ಚೀಲ ಇಡುವ ಹಲಗೆಯ ಮೇಲೆ ಬಂದು ನಿಲ್ಲುತ್ತಿದ್ದ. ಆಯ್ಕೆಯ ಹಿಂದಿನ ದಿನ ಕಾಟಾ ಐವತ್ತೊಂದಕ್ಕೆ ಸರಿಯಾಗಿ ನಿಂತಿತು. ಬೆಳಿಗ್ಗೆ ಅವನ ತಾಯಿ ರಹೀಮಾ ಅರ್ಧ ಜೋಳದ ರೊಟ್ಟಿ ತಿನ್ನಿಸಿ ಬಸ್ಸು ಹತ್ತಿಸಿದಳು. ಕಲಬುರಗಿಯಲ್ಲಿ ತೂಗಿದಾಗ ಒಂದು ಕಿಲೊ ಹೆಚ್ಚು. ಮೇಲಿನ ತೂಕಕ್ಕೆ ಹಾಕಿದರು. ದೊಡ್ಡ ಹುಡುಗನ ಹೊಡೆತಕ್ಕೆ ಎಡಗಿವಿ ಹೋಯಿತು, ನೌಕರಿಯೂ ಹೋಯಿತು. ಈಗ ಬಂಡೆ ಗಣಿಯಲ್ಲಿ ಫರ್ಸಿ ಕಲ್ಲು ಕೊಯ್ಯುತ್ತಾನೆ. ತಾಯಿಯ ಕೈಯ ರೊಟ್ಟಿಯನ್ನು ಮತ್ತೆ ಮುಟ್ಟಲಿಲ್ಲ. ಆಮೇಲಿನ ಎಂಟು ವರ್ಷ, ಸಾಯುವವರೆಗೂ, ಅವಳು ಒಬ್ಬಳೇ ಉಂಡಳು.

"ಕಾಕಾ, ಕಾಟಾ ಖಾಲಿ ಅದ ಏನು?"

ಜಹಾಂಗೀರನ ಮಗಳು ಜಬೀನಾ. ಹತ್ತೊಂಬತ್ತು ವರ್ಷ, ನಲವತ್ತೆಂಟು ಕಿಲೊ. ಮರುದಿನ ಬೆಳಿಗ್ಗೆ ಅದೇ ಕಲಬುರಗಿಯಲ್ಲಿ ಬಾಕ್ಸಿಂಗ್ ಆಯ್ಕೆಗೆ ಅವಳ ತೂಕ. ಅಪ್ಪ, ಮಗಳು, ನಾನು ಮೂವರೂ ಮಿಲ್ಲಿಗೆ ಹೋದೆವು. ಅವಳು ಚಪ್ಪಲಿ ಬಿಟ್ಟು ಹತ್ತಿದಳು. ಕೆಂಪು ಅಂಕಿ ನಲವತ್ತೆಂಟಕ್ಕೆ ನಿಂತಿತು.

"ಬರೋಬ್ಬರಿ!" ಎಂದ ಜಹಾಂಗೀರ. "ಈಗ ಮನ್ಯಾಗ ಬಾಯಿ ಕಟ್ಟು. ನಿಮ್ಮಮ್ಮ ಏನು ಕೊಟ್ರೂ ತಿನ್ನಬ್ಯಾಡ. ಹೆಂಗಸರ ಮಾಯಾ ಮಮತಾನೇ ಮನಿ ಹಾಳ ಮಾಡ್ತದ."

ನಮ್ಮ ಕಾಟಾ ರೈತರ ಚೀಲಕ್ಕಾಗಿ ಕಟ್ಟಿದ್ದು. ನೂರಕ್ಕೆ ಎರಡು ಕಿಲೊ ಕಮ್ಮಿ ತೋರಿಸುತ್ತದೆ. ಹಳೆಯ ಕಬ್ಬಿಣದ್ದು ಹೋಗಿ ಕರೆಂಟಿನದು ಬಂದರೂ ಮಾಲೀಕರು ಆ ಎರಡು ಕಿಲೊವನ್ನು ಹೊಸದರೊಳಗೂ ಕೂರಿಸಿದರು. ಇಪ್ಪತ್ತೆರಡು ವರ್ಷದ ಹಿಂದೆ ಜಹಾಂಗೀರ ತೂಗಿಕೊಂಡ ದಿನ ಮಾಲೀಕರು ಪಕ್ಕದಲ್ಲೇ ನಿಂತಿದ್ದರು. ಒಂದು ಕಿಲೊ ತಾನೇ, ಬಸ್ಸಿನ ಸೆಕೆಗೆ ಇಳಿದೀತು ಎಂದು ನನಗೆ ನಾನೇ ಹೇಳಿಕೊಂಡು ಸುಮ್ಮನಿದ್ದೆ. ಮನೆಯಲ್ಲಿ ಎರಡು ಕೂಸುಗಳಿದ್ದವು.

ಈಗ ಸುಮ್ಮನಿರಲು ಆಗಲಿಲ್ಲ.

"ಕೆಳಗಿಳಿಯವ್ವ. ನೀ ನಲವತ್ತೆಂಟಲ್ಲ, ಸುಮಾರು ನಲವತ್ತೊಂಬತ್ತು ಅದೀ. ಈ ಕಾಟಾ ಕಮ್ಮಿ ತೋರಸ್ತದ. ಸ್ವೆಟರ್ ಹಾಕ್ಕೊಂಡು ಓಡು. ರಾತ್ರಿ ನೀರೂ ಗುಟುಕು ಗುಟುಕು ಕುಡಿ."

ಜಬೀನಾ ಅಪ್ಪನ ಮುಖ ನೋಡಿದಳು. ಅವನು ಬಲಗಿವಿಯನ್ನು ನನ್ನ ಕಡೆ ತಿರುಗಿಸಿದ.

"ಯಾವಾಗಿಂದ?"

"ಮೊದಲಿಂದ."

"ನಾ ನಿಂತಾಗೂ?"

"ಹೂಂ."

ಹೊಡೆಯುತ್ತಾನೆ ಎಂದುಕೊಂಡೆ. ಹೊಡೆದಿದ್ದರೆ ನನಗೆ ಹಗುರವಾಗುತ್ತಿತ್ತು. ಅವನು ಹಲಗೆಯ ಮೇಲೆ ಕೂತುಬಿಟ್ಟ. ಅಂಕಿ ಅರವತ್ತು ದಾಟಿ ಓಡಿತು.

"ಅರ್ಧ ರೊಟ್ಟಿ, ಗುರುಲಿಂಗಯ್ಯ," ಎಂದ. "ಅರ್ಧಾ. ಎಂಟು ವರ್ಷ ಆಕಿ ಸಂಗಡ ನಾ ಮಾತಾಡಲಿಲ್ಲ."

"ತಪ್ಪಾತೋ."

"ನನಗ್ಯಾಕ ಹೇಳ್ತಿ? ಖಬರಸ್ತಾನಕ್ಕ ಹೋಗಿ ಆಕಿಗಿ ಹೇಳು."

ಅವನು ಮಗಳನ್ನು ಕರೆದುಕೊಂಡು ಹೋದ. ಸಂಜೆಯವರೆಗೆ ಕಾಗಿಣಾ ಸೇತುವೆಯ ರಸ್ತೆಯಲ್ಲಿ ಹುಡುಗಿ ಸ್ವೆಟರಿನಲ್ಲಿ ಓಡಿದಳಂತೆ, ಹಿಂದೆ ಸೈಕಲ್ ಮೇಲೆ ಅವನು.

ಮರುದಿನ ಜಬೀನಾ ಫೋನು ಮಾಡಿದಳು. "ಕಾಕಾ, ನಲವತ್ತೇಳು ಒಂಬೈನೂರು! ಪಾಸ್ ಆದ್ನಿ!" ಹಿಂದಿನಿಂದ ಜಹಾಂಗೀರನ ದನಿ ಕೇಳಿಸಿತು: "ಯಾರಿಗಿ ಮಾತಾಡ್ಲಿಕತ್ತಿ?" ಫೋನು ಕಟ್ಟಾಯಿತು. ಆಮೇಲೆ ಅವನು ಹೋಟೆಲಿಗೆ ಬರಲಿಲ್ಲ. ಎದುರು ಮಾತಾಡುವವರಿಲ್ಲದೆ ಹಾಜಿಸಾಬನ ಅಲಿ ಗೆದ್ದೇಬಿಟ್ಟ. ಹಾಜಿಸಾಬನಿಗೆ ಅದರಲ್ಲಿ ಖುಷಿಯೇನೂ ಕಾಣಲಿಲ್ಲ.

ಜಬೀನಾ ಮಾತಾಡಿದ ಆ ದಿನ, ಫೋನು ಜೇಬಿಗೆ ಹಾಕುವಷ್ಟರಲ್ಲಿ ತೆಂಗಳಿ ಊರಿನ ರೈತನೊಬ್ಬ ತೊಗರಿ ಚೀಲ ತಂದು ಹಲಗೆಯ ಮೇಲಿಟ್ಟ. ಮಾಲೀಕರು ಬಾಗಿಲಲ್ಲಿ ನಿಂತಿದ್ದರು. ಅಂಕಿ ಎಷ್ಟು ತೋರಿಸಿತೋ ಅಷ್ಟನ್ನೇ ನಾನು ಕೂಗಿ ಹೇಳಿದೆ.